ನಾಯಿಯ ಅನ್ನ

ಬಸವೇಶ್ವರನಗರದಲ್ಲಿ ನಾನು ವಾಸವಾಗಿರುವ ಬೀದಿ ಅಷ್ಟೇನೂ ದೊಡ್ಡದಲ್ಲ. ಆದರೂ ಅಲ್ಲಿ ಹತ್ತಾರು ಮನೆಗಳಲ್ಲಿ ನಾಯಿಗಳಿವೆ. ಈಚೆಗೆ ಒಂದು ಬೆಳಿಗ್ಗೆ ನೆರೆಮನೆಯ ತರುಣರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಸಾರ್, ನಮ್ಮ ನಾಯಿಗೆ ಹಾಕುವ ಆಹಾರವನ್ನು ಹೊರದೇಶದಲ್ಲಿ ರಿಕಾಲ್ ಮಾಡಿದ್ದಾರಂತೆ. ಇಲ್ಲಿ ಅಂಗಡಿಯವರನ್ನು ಕೇಳಿದರೆ ಏನೂ ಗೊತ್ತಿಲ್ಲ ಅನ್ನುತ್ತಾರೆ. ಈವತ್ತು ರಾತ್ರಿ ಅದಕ್ಕೆ ಏನು ಹಾಕಲಿ?” ಎಂದು ಕೇಳಿದರು. ನಾನು ಕನ್ನಡದ ಮೇಷ್ಟ್ರು, ಪಶುವೈದ್ಯನಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ರಿಕಾಲ್ ಎಂದರೆ ಮಾರಿದ ಸರಕನ್ನು ಮಾರಿದವನೇ ಹಿಂದಕ್ಕೆ ಕರೆಯುವುದು. 2015ರ ಜೂನ್ ತಿಂಗಳಲ್ಲಿ ಮ್ಯಾಗಿ ಪೊಟ್ಟಣಗಳು ಅಂಗಡಿಗಳಿಂದ ಮಾಯವಾದಾಗ ಈ ಮಾತು ನಮ್ಮ ಮನೆಮನೆಗೂ ಪರಿಚಯವಾಯಿತು. ಮನುಷ್ಯರ ಆಹಾರದ ವಿಷಯದಲ್ಲಿ ಇದಕ್ಕೆ ನಮ್ಮ ದೇಶದಲ್ಲಿ 2017ರಿಂದ ಪ್ರತ್ಯೇಕ ನಿಯಮಾವಳಿಯೇ ಇದೆ. ನಾಯಿಯ ಆಹಾರದ ಮಾತು ಬೇರೆ. 2006ರ ಆಹಾರ ಸುರಕ್ಷತೆಯ ಕಾಯಿದೆಯಲ್ಲಿ ‘ಆಹಾರ’ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನು ಓದಿದರೆ, ಅದು ಮನುಷ್ಯರು ತಿನ್ನುವುದಕ್ಕಾಗಿ ಇರುವ ಪದಾರ್ಥ. ಪಶು ಆಹಾರ ಅದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿದೆ. ಕಾನೂನಿನ ದೃಷ್ಟಿಯಿಂದ ಇದಕ್ಕೆ ಕಾರಣಗಳಿರಬಹುದು. ಆದರೆ ಆ ಕಾಯಿದೆಯ ಮಟ್ಟಿಗೆ ನಮ್ಮ ನಾಯಿ ತಿನ್ನುತ್ತಿರುವುದು ಆಹಾರವೇ ಅಲ್ಲ! ಹಾಗಾದ ಮೇಲೆ ಅದನ್ನು ನೋಡಿಕೊಳ್ಳುವ ಕಣ್ಣು ಯಾರದು? ಸಾಕಿದವರದೇ.

ಹಿಂದೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಇಂದು ಬಡಾವಣೆಗಳ ನಡುವೆ ಸಿಕ್ಕಿಕೊಂಡಿರುವ ಕಾಮಾಕ್ಷಿಪಾಳ್ಯ, ಮೂಡಲಪಾಳ್ಯ, ಅಗ್ರಹಾರ ದಾಸರಹಳ್ಳಿ ಇವೆಲ್ಲ ಹಳ್ಳಿಗಳಾಗಿದ್ದ ಕಾಲದಲ್ಲಿ ಮನೆಯವರು ಉಂಡ ಮುದ್ದೆಯ ಮಿಕ್ಕ ತುಂಡೇ ನಾಯಿಯ ಊಟ. ರಾಗಿ ಮುಗ್ಗಿದ್ದರೆ ಮನೆಯೊಡತಿಯ ಮೂಗಿಗೆ ಮೊದಲು ತಿಳಿಯುತ್ತಿತ್ತು. ನಾಯಿಗೆ ಬೇರೆ ಪರೀಕ್ಷಕರು ಬೇಕಾಗಿರಲಿಲ್ಲ. ಆ ಪದ್ಧತಿ ಕೇವಲ ಬಡತನದ್ದು ಎಂದು ಹೀಗಳೆಯುವುದೂ ಸರಿಯಲ್ಲ. ಮನುಷ್ಯನ ಮಗ್ಗುಲಲ್ಲಿ ಸಾವಿರಾರು ವರ್ಷ ಬಾಳಿದ ನಾಯಿ, ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದಿದೆಯೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದರ ವಂಶವಾಹಿಗಳಲ್ಲೇ ಗುರುತಿಸಿ ತೋರಿಸಿದರು. ನಮ್ಮ ಅನ್ನ ಅದರ ಮೈಯ ರಚನೆಯನ್ನೇ ಬದಲಿಸಿದೆ.

ಒಂದೇ ಮಡಕೆಯ ಊಟ ಎಂದರೆ ಒಂದೇ ಅಪಾಯವೂ ಹೌದು. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸ್‌ವಾಡಾ ಜಿಲ್ಲೆಗಳ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆಯಂಥ ರೋಗ ಹರಡಿತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕಾಯಿಲೆ ಬಿದ್ದ 397 ಜನರಲ್ಲಿ 106 ಮಂದಿ ತೀರಿಕೊಂಡರು. ಆ ಮನೆಗಳ ನಾಯಿಗಳೂ ಅದೇ ಲಕ್ಷಣಗಳಿಂದ ನರಳಿ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹುಡುಕಿದಾಗ, ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿದ್ದ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸಿಕ್ಕಿತು. ಇದು ಯಕೃತ್ತನ್ನು ಕೆಡಿಸುವ ವಿಷ. ಸಾಧಾರಣ ಅಡುಗೆಯ ಬೆಂಕಿಗೆ ನಾಶವಾಗುವುದಿಲ್ಲ. ಬೂಷ್ಟನ್ನು ತೊಳೆದು ಬೇಯಿಸಿದರಾಯಿತು ಎನ್ನುವವರು ಇದನ್ನು ಮರೆಯಬಾರದು. ಇದೇ ವಿಷ 2020ರ ಕೊನೆಯಲ್ಲಿ ಅಮೆರಿಕದ ಕಾರ್ಖಾನೆಯೊಂದರ ನಾಯಿ ಆಹಾರದಲ್ಲಿ ಕಾಣಿಸಿಕೊಂಡು, ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಗಳು ಬಂದವು. ಅಲ್ಲಿಯೂ ಸಂಶಯ ಬಿದ್ದದ್ದು ಮೆಕ್ಕೆಜೋಳದ ಮೇಲೆಯೇ. ಹಳ್ಳಿಯ ಕಣಜವಾಗಲಿ ಯಂತ್ರದ ಕಾರ್ಖಾನೆಯಾಗಲಿ, ಒದ್ದೆ ಕಾಳಿನ ಸ್ವಭಾವ ಒಂದೇ.

ಇದಕ್ಕಿಂತ ದೊಡ್ಡ ಪ್ರಕರಣ 2007ರದು. ಆ ವರ್ಷದ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಎಂಬ ಕಂಪನಿ ನಾಯಿ ಮತ್ತು ಬೆಕ್ಕುಗಳ ಆಹಾರದ ಆರು ಕೋಟಿಗೂ ಹೆಚ್ಚು ಡಬ್ಬ ಪೊಟ್ಟಣಗಳನ್ನು ಹಿಂದಕ್ಕೆ ಕರೆಯಿತು. ಅವನ್ನು ತಿಂದ ಪ್ರಾಣಿಗಳ ಮೂತ್ರಪಿಂಡಗಳು ಕೆಟ್ಟುಹೋಗುತ್ತಿದ್ದವು. ಕಾರಣವನ್ನು ಅರಸುತ್ತ ಹೋದಾಗ, ಚೀನಾದಿಂದ ತರಿಸಿದ ಗೋಧಿಯ ಅಂಟಿನಲ್ಲಿ ಮೆಲಮೈನ್ ಬೆರೆತಿರುವುದು ಗೊತ್ತಾಯಿತು. ನಮ್ಮ ಮನೆಗಳಲ್ಲಿ ತಟ್ಟೆ ಬಟ್ಟಲುಗಳಾಗಿ ಬಳಕೆಯಲ್ಲಿದೆಯಲ್ಲ, ಅದರ ಮೂಲವಸ್ತು. ತಟ್ಟೆಯಾಗಬೇಕಾದದ್ದು ತಟ್ಟೆಯೊಳಗಿನ ಊಟವಾಗಿತ್ತು.

ಇದನ್ನೇಕೆ ಬೆರೆಸಿದರು ಎಂಬುದು ಕನ್ನಡದ ಒಂದು ಪದದಿಂದಲೇ ತಿಳಿಯುವಂತಿದೆ. ಪ್ರೋಟೀನಿಗೆ ನಮ್ಮ ಹಳೆಯ ಪಠ್ಯಪುಸ್ತಕಗಳು ಸಸಾರಜನಕ ಎಂಬ ಹೆಸರನ್ನು ಬಳಸುತ್ತಿದ್ದವು. ಸಾರಜನಕವನ್ನು ಉಳ್ಳದ್ದು ಎಂದರ್ಥ. ಆಹಾರದಲ್ಲಿ ಪ್ರೋಟೀನು ಎಷ್ಟಿದೆಯೆಂದು ತಿಳಿಯಲು, ಡೆನ್ಮಾರ್ಕಿನ ಕೆಲ್ಡಾಲ್ ಎಂಬ ವಿಜ್ಞಾನಿ 1883ರಲ್ಲಿ ರೂಪಿಸಿದ ವಿಧಾನದಿಂದ ಅದರ ಸಾರಜನಕವನ್ನು ಅಳೆದು ಲೆಕ್ಕ ಹಾಕುತ್ತಾರೆ. ಮೆಲಮೈನಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಸಾರಜನಕವೇ. ಬೆರೆಸಿದರೆ ಅಳತೆಗೋಲು ಮೋಸಹೋಗುತ್ತದೆ. ಪ್ರೋಟೀನೆಲ್ಲ ಸಾರಜನಕವನ್ನು ಉಳ್ಳದ್ದು ನಿಜ. ಸಾರಜನಕವನ್ನು ಉಳ್ಳದ್ದೆಲ್ಲ ಪ್ರೋಟೀನಲ್ಲ. ಈ ಸಣ್ಣ ತರ್ಕದೋಷದ ಸಂದಿನಲ್ಲಿ ದುರಾಶೆ ನುಸುಳಿತು. ಮೆಲಮೈನೂ ಅದರ ಜೊತೆಗಿದ್ದ ಸಯನ್ಯೂರಿಕ್ ಆಮ್ಲವೂ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟಿದವು. 2004ರಲ್ಲಿ ಏಷ್ಯದ ಹಲವು ದೇಶಗಳಲ್ಲಿ ನಾಯಿಗಳು ಹೀಗೆಯೇ ಸತ್ತಿದ್ದವು. ಆಗ ತೆಗೆದಿಟ್ಟಿದ್ದ ಮೂತ್ರಪಿಂಡದ ಚೂರುಗಳನ್ನು 2007ರಲ್ಲಿ ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲೂ ಅದೇ ಬಗೆಯ ಹರಳುಗಳು ಕಂಡವು. ಎಚ್ಚರಿಕೆ ಮೂರು ವರ್ಷ ಮೊದಲೇ ಬಂದಿತ್ತು; ಓದುವವರಿರಲಿಲ್ಲ.

2008ರಲ್ಲಿ ಅದೇ ಮೆಲಮೈನು ಚೀನಾದ ಕೂಸುಗಳ ಹಾಲಿನಪುಡಿಯಲ್ಲಿ ಪ್ರತ್ಯಕ್ಷವಾಯಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆರು ಹಸುಳೆಗಳು ಸತ್ತವು. ನಾಯಿಯ ತಟ್ಟೆಗೂ ಕೂಸಿನ ಬಟ್ಟಲಿಗೂ ನಡುವೆ ಇದ್ದದ್ದು ಒಂದೇ ವರ್ಷದ ಅಂತರ. ‘ನಾಯಿಯ ಆಹಾರ ತಾನೆ’ ಎನ್ನುವವರು ಈ ಎರಡು ಇಸವಿಗಳನ್ನು ಒಟ್ಟಿಗೆ ನೆನೆಯಬೇಕು.

ಇನ್ನು ಆ ತರುಣರ ಪ್ರಶ್ನೆಗೆ ಬರುತ್ತೇನೆ. ಸಂಶಯ ಬಂದ ಆಹಾರವನ್ನು ಒಡನೆಯೇ ನಿಲ್ಲಿಸಬೇಕು. ಬೇರೆ ಸಮಯದಲ್ಲಿ ನಾಯಿಯ ಊಟವನ್ನು ಒಂದು ವಾರದ ಅವಧಿಯಲ್ಲಿ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಬದಲಿಸುವುದು ವಾಡಿಕೆ. ಇಲ್ಲಿ ಆ ದಾಕ್ಷಿಣ್ಯ ಸಲ್ಲದು. ಆದರೆ ಚೀಲವನ್ನು ಎಸೆಯಬಾರದು. ಸಾಮಾನ್ಯವಾಗಿ ಹಿಂದಕ್ಕೆ ಕರೆಯುವುದು ಕೆಲವು ಬ್ಯಾಚುಗಳನ್ನು ಮಾತ್ರ. ಬ್ಯಾಚಿನ ಸಂಖ್ಯೆ, ತಾರೀಖು, ತಯಾರಿಸಿದವರ ಹೆಸರು ಚೀಲದ ಮೇಲಿರುತ್ತವೆ. ಆಹಾರವನ್ನು ಸ್ಟೀಲ್ ಡಬ್ಬಕ್ಕೆ ಸುರಿದು ಚೀಲವನ್ನು ರದ್ದಿಗೆ ಹಾಕುವ ಮನೆಗಳಲ್ಲಿ ಈ ಸಾಕ್ಷ್ಯ ಉಳಿಯುವುದಿಲ್ಲ. ಅಂಗಡಿಗಳಲ್ಲಿ ದೊಡ್ಡ ಮೂಟೆಯ ಬಾಯಿ ಬಿಚ್ಚಿಟ್ಟು ಬಿಡಿಯಾಗಿ ತೂಗಿ ಕೊಡುವ ಆಹಾರಕ್ಕಂತೂ ಸಂಖ್ಯೆಯೂ ಇಲ್ಲ, ತಾರೀಖೂ ಇಲ್ಲ. ಮಳೆಗಾಲದ ಥಂಡಿಗೆ ಅದು ಮುಗ್ಗುವುದೂ ಬೇಗ. ನಾಲ್ಕು ಕಾಸು ಉಳಿಯುವುದೆಂದು ಅದನ್ನು ಕೊಳ್ಳಬಾರದು.

ಗಾಬರಿಯಿಂದ ಪಕ್ಕದ ಹೆಸರಿನ ಪೊಟ್ಟಣಕ್ಕೆ ಕೈಹಾಕುವುದೂ ವಿವೇಕವಲ್ಲ. 2007ರಲ್ಲಿ ನೂರರ ಹತ್ತಿರ ಹತ್ತಿರ ಹೆಸರುಗಳ ಆಹಾರ ಒಬ್ಬರೇ ತಯಾರಕರ ಕಾರ್ಖಾನೆಗಳಿಂದ ಬಂದಿತ್ತು. ಹೆಸರು ನೂರು, ಹಂಡೆ ಒಂದು. ಆದಕಾರಣ ನೋಡಬೇಕಾದದ್ದು ಮುಂಭಾಗದ ಚಿತ್ರವನ್ನಲ್ಲ, ಹಿಂಭಾಗದ ಸಣ್ಣ ಅಕ್ಷರವನ್ನು.

ಕೆಲವು ದಿನಗಳ ಮಟ್ಟಿಗೆ ನಮ್ಮ ಒಲೆಯೇ ಸಾಕು. ಮೆತ್ತಗೆ ಬೆಂದ ಅನ್ನ, ಮೂಳೆ ತೆಗೆದು ಬೇಯಿಸಿದ ಕೋಳಿ ಅಥವಾ ಬೇಯಿಸಿದ ಮೊಟ್ಟೆ, ಒಂದಿಷ್ಟು ಸಿಹಿಕುಂಬಳ ಇಲ್ಲವೇ ಗಜ್ಜರಿ. ಉಪ್ಪು ಖಾರ ಎಣ್ಣೆ ಬೇಡ. ಮಾಂಸವನ್ನು ಒಳಗೆ ತರದ ಮನೆಗಳು ನಮ್ಮ ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಬಹಳ. ಪೊಟ್ಟಣದ ಆಹಾರ ಅವರಿಗೆ ಒದಗಿಬಂದದ್ದು ಈ ಅನುಕೂಲಕ್ಕಾಗಿಯೇ. ಅಂಥವರು ಚೆನ್ನಾಗಿ ಬೆಂದ ಹೆಸರುಬೇಳೆ, ಉಪ್ಪಿಲ್ಲದ ಪನೀರು, ಒಗ್ಗುವುದಾದರೆ ಸ್ವಲ್ಪ ಮೊಸರು ಇವುಗಳಿಂದ ನಾಲ್ಕು ದಿನ ನಿಭಾಯಿಸಬಹುದು. ಆದರೆ ನಮ್ಮ ಸಾರು ಹುಳಿಗಳನ್ನು ಕಲಸಿ ಹಾಕಬಾರದು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ. ಹಬ್ಬದ ದಿನ ಮಿಕ್ಕ ಪಾಯಸದ ಒಣದ್ರಾಕ್ಷಿಯೂ ಅಷ್ಟೆ. ಚಾಕೊಲೇಟು ಕೂಡದು. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಈ ಮನೆಯೂಟವನ್ನೇ ತಿಂಗಳುಗಟ್ಟಲೆ ಮುಂದುವರಿಸುವುದಾದರೆ ಸುಣ್ಣದ ಅಂಶ ಮತ್ತು ಜೀವಸತ್ವಗಳು ಕಡಮೆಯಾಗುತ್ತವೆ. ಆಗ ಪಶುವೈದ್ಯರ ಸಲಹೆ ಅಗತ್ಯ.

ನಾಯಿ ಊಟ ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಅತಿಯಾಗಿ ನೀರು ಕುಡಿದರೆ, ಕಣ್ಣು ಒಸಡು ಹಳದಿಗಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಒಯ್ಯುವಾಗ ಆ ಚೀಲವನ್ನೂ ಕೊಂಡೊಯ್ಯಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ನಾಯಿಗೆ ಬೇಡವೆಂದು ತೆಗೆದಿಟ್ಟದ್ದನ್ನು ಬೀದಿಯ ನಾಯಿಗೆ ಸುರಿಯಬಾರದು. ‘ಹಾಳಾಗುವುದಕ್ಕಿಂತ ಅವಾದರೂ ತಿನ್ನಲಿ’ ಎಂಬುದು ದಯೆಯ ಮಾತಿನಂತೆ ಕೇಳುತ್ತದೆ. ಕೆಂಗೇರಿಯ ರೈಲು ನಿಲ್ದಾಣದ ಬಳಿಯ ನಾಯಿಗೂ ವಿಜಯನಗರದ ಸೋಫಾದ ಮೇಲಿನ ನಾಯಿಗೂ ಇರುವುದು ಒಂದೇ ಬಗೆಯ ಮೂತ್ರಪಿಂಡ. ಒಂದಕ್ಕೆ ವಿಷವಾದದ್ದು ಇನ್ನೊಂದಕ್ಕೆ ದಾನವಾಗಲಾರದು. ಅದನ್ನು ದನವೂ ಮೂಸದಂತೆ ಭದ್ರವಾಗಿ ಕಟ್ಟಿ ಕಸಕ್ಕೆ ಕೊಡುವುದೇ ಸರಿ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಒಂದು ಕಲ್ಲಿದೆ, ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗನು ಬೇಕಾದದ್ದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಪೂಜಾರಿ ಉಣ್ಣಕೂಡದೆಂದು ಕಟ್ಟು ಮಾಡಿದರು. ಸತ್ತ ನಾಯಿಯನ್ನು ನೆನೆಯದೆ ತಾನು ಉಣ್ಣಬಾರದು ಎಂಬ ನಿಯಮ ಈ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಮೇಲೆ ಬಿದ್ದಿದೆ. ಬದುಕಿರುವ ನಾಯಿಯ ಬಗ್ಗೆ ನಾವು ಮಾಡಬೇಕಾದದ್ದು ಅದಕ್ಕಿಂತ ಸುಲಭ. ನಮ್ಮ ಊಟಕ್ಕೆ ಕೂರುವ ಮೊದಲು ಅದರ ತಟ್ಟೆಯ ಕಡೆಗೊಮ್ಮೆ ನೋಡುವುದು, ಚೀಲದ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದುವುದು. ಅಕ್ಷರ ಬಾರದ ಆ ಪ್ರಾಣಿ, ನಮಗೆ ಓದು ಬರುತ್ತದೆಂಬ ನಂಬಿಕೆಯಿಂದ ತಲೆತಗ್ಗಿಸಿ ತಿನ್ನುತ್ತದೆ.