ಸೀಟಿ ಊದುವ ಮುನ್ನ
(ಶತಮಾನೋತ್ಸವದ ಕ್ರೀಡಾ ದಿನದಂದು ನೀಡಿದ ಭಾಷಣ)



ಕನ್ನಡ ಎಂ.ಎ. ಓದಿದ ಮುಖ್ಯೋಪಾಧ್ಯಾಯಿನಿಯು ಬಾಸ್ಕೆಟ್‌ಬಾಲಿನ ಫೌಲುಗಳ ಕುರಿತು ಮಾತನಾಡಲು ನಿಂತಿರುವುದು ನಿಮಗೆ ಸೋಜಿಗವೆನಿಸೀತು. ನಾನು ಈ ಶಾಲೆಗೆ ಬಂದ ಹೊಸತರಲ್ಲಿ, ಒಂದು ಸ್ನೇಹಪಂದ್ಯಕ್ಕೆ ತೀರ್ಪುಗಾರರು ಬಾರದೆ ಹೋದಾಗ, ಕಾಲೇಜಿನಲ್ಲಿ ಆಡಿದವಳೆಂಬ ಕಾರಣಕ್ಕೆ ಸೀಟಿ ನನ್ನ ಕೈಗೆ ಬಂದಿತು. ಎದುರು ತಂಡದ ಹುಡುಗಿ ಚೆಂಡು ಪುಟಿಸುತ್ತ ಬುಟ್ಟಿಯತ್ತ ನುಗ್ಗಿದಳು. ನಮ್ಮ ಹುಡುಗಿ ಅಡ್ಡ ನಿಂತಿದ್ದಳು. ಎದೆಗೆ ಡಿಕ್ಕಿಯಾಯಿತು, ಇಬ್ಬರೂ ಬಿದ್ದರು. ನಾನು ಫೌಲನ್ನು ನಮ್ಮವಳ ಮೇಲೆ ಹೊರಿಸಿದೆ. ಅದು ಅವಳ ಐದನೆಯ ಫೌಲು. ನಿಯಮದಂತೆ ಅವಳು ಅಂಕಣದಿಂದ ಹೊರನಡೆದಳು.

ಅಂದು ನನ್ನ ಕಣ್ಣು ಚೆಂಡಿನ ಮೇಲಿತ್ತು. ಇರಬೇಕಾದದ್ದು ತಡೆಯುವವಳ ಮೇಲೆ. ಅವಳು ಎದುರಾಳಿಗೆ ಮುಖಮಾಡಿ, ಎರಡೂ ಪಾದಗಳನ್ನು ನೆಲಕ್ಕೂರಿ, ಡಿಕ್ಕಿಗೆ ಮೊದಲೇ ಸ್ಥಾನ ಹಿಡಿದಿದ್ದಳೇ? ಹಿಡಿದಿದ್ದರೆ ಆ ಸ್ಥಾನ ನ್ಯಾಯವಾಗಿ ಅವಳದು. ಚೆಂಡಿಲ್ಲದ ಆಟಗಾರ್ತಿಗೆ ಅಡ್ಡ ಬರುವಾಗ ನಿಲ್ಲಲು, ತಿರುಗಲು ಎಡೆ ಕೊಡಬೇಕು. ಚೆಂಡು ಹಿಡಿದವಳಿಗೆ ಅಂಥ ವಿನಾಯಿತಿಯಿಲ್ಲ. ಯಾರಾದರೂ ಎದುರು ಬಂದು ನಿಂತಾರೆಂದು ಆಕೆ ಸಿದ್ಧಳಾಗಿಯೇ ಇರಬೇಕು. ಬಹುಮಂದಿ ಪ್ರೇಕ್ಷಕರು ತಪ್ಪು ತಿಳಿಯುವುದು ಇಲ್ಲಿಯೇ: ತಡೆಯುವವಳು ಕಂಬದಂತೆ ನಿಂತಿರಬೇಕಾಗಿಲ್ಲ. ಒಮ್ಮೆ ಸ್ಥಾನ ಪಡೆದ ಮೇಲೆ ಪಕ್ಕಕ್ಕೋ ಹಿಂದಕ್ಕೋ ಸರಿಯಬಹುದು, ನೇರ ಮೇಲಕ್ಕೆ ಜಿಗಿಯಬಹುದು, ಪೆಟ್ಟು ತಗ್ಗಿಸಿಕೊಳ್ಳಲು ಮೈ ತಿರುಗಿಸಲೂಬಹುದು. ಆದರೆ ತೋಳು, ಮೊಣಕಾಲು, ಸೊಂಟಗಳನ್ನು ಹೊರಚಾಚಿ ದಾರಿಗಟ್ಟಿದರೆ ತಪ್ಪು ಅವಳದೇ. ಓಡುವವಳ ಮೈಮೇಲೆ ಕೈಯಿಟ್ಟು ಹಾಗೆಯೇ ಇರಿಸಿಕೊಳ್ಳುವುದೂ ತಪ್ಪೇ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿಯೇ ಭುಜದಿಂದ ತಾಗುವುದು, ಹಿಡಿಯುವುದು, ತಳ್ಳುವುದು ನಿಷಿದ್ಧವಾಗಿದ್ದವು. ಚೆಂಡಿನೊಡನೆ ಓಡುವುದೂ ನಿಷಿದ್ಧವಾಗಿತ್ತು. ಪುಟಿಸುತ್ತ ಸಾಗುವ ಕಲೆ ಅನಂತರ ಬೆಳೆಯಿತು. ಅದರೊಂದಿಗೇ ತೀರ್ಪುಗಾರರ ಸಂಕಟವೂ ಬೆಳೆಯಿತೆನ್ನಬೇಕು.

ಬಿದ್ದವರೆಲ್ಲ ನಿರ್ದೋಷಿಗಳಲ್ಲ, ತಾಗಿದ್ದೆಲ್ಲ ಫೌಲೂ ಅಲ್ಲ. ಎದುರಾಳಿಗೆ ಅನನುಕೂಲವಾಗದ ಸಣ್ಣ ಸ್ಪರ್ಶವನ್ನು ಆಟ ಸಹಿಸುತ್ತದೆ. ಪ್ರತಿ ಸ್ಪರ್ಶಕ್ಕೂ ಸೀಟಿ ಊದಿದರೆ ಆಟವೇ ಉಳಿಯದು. ಊದದೇ ಇದ್ದರೆ ಮೈಬಲವುಳ್ಳವರದೇ ರಾಜ್ಯವಾಗುತ್ತದೆ. ಈ ಗಡಿನಾಡಿನ ಮೈದಾನದಲ್ಲಿ ಸೀಟಿ ಊದಿದೊಡನೆ ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ಆಕ್ಷೇಪ ಏಳುವುದನ್ನು ನೀವೆಲ್ಲ ಬಲ್ಲಿರಿ. ಅಂದು ಮಾತ್ರ ಯಾರೂ ಆಕ್ಷೇಪಿಸಲಿಲ್ಲ. ಟೀಚರಲ್ಲವೇ!

ನನ್ನ ಮನಸ್ಸಿನಲ್ಲಿ ಇನ್ನೊಂದು ಅಳುಕೂ ಇತ್ತು. ನಮ್ಮ ಶಾಲೆಯ ಪಕ್ಷ ವಹಿಸಿದೆನೆಂದು ಯಾರೂ ಅನ್ನಬಾರದಲ್ಲ! ಆ ಅಳುಕೇ ಸೀಟಿ ಊದಿತೆಂದು ಈಗ ತೋರುತ್ತದೆ. ನಮ್ಮವಳ ಎರಡೂ ಪಾದಗಳು ನೆಲದ ಮೇಲಿದ್ದವು. ಬಿದ್ದಾಗ ಅವಳ ಕೈಗಳು ಎದೆಯ ಮೇಲೆ ಮಡಿಚಿಕೊಂಡೇ ಇದ್ದವು. ಅದನ್ನು ನಾನು ಕಂಡಿದ್ದೆ. ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಟ ಮುಗಿದ ಮೇಲೆ ಅವಳು ನನ್ನ ಬಳಿಗೆ ಬಂದು, “ಟೀಚರ್, ನಾನು ಎಲ್ಲಿ ತಪ್ಪಿದೆ?” ಎಂದು ಕೇಳಿದಳು. “ನಾಳೆ ಹೇಳುತ್ತೇನೆ” ಎಂದೆ. ಹೇಳಲಿಲ್ಲ.

ಅವಳಿಂದು ತನ್ನ ಮಗಳನ್ನು ಕರೆದುಕೊಂಡು ಬಂದು ಈ ಸಭೆಯಲ್ಲಿ ಕುಳಿತಿದ್ದಾಳೆ. ನೀನು ಎಲ್ಲಿಯೂ ತಪ್ಪಿರಲಿಲ್ಲ, ಮಗು. ತಪ್ಪಿದವಳು ನಾನು.