ದುಡಿಮೆಯ ಸಂಸ್ಕೃತಿ ಮತ್ತು ಉದ್ಯಮದ ಏಳಿಗೆ



ಒಂದು ಉದ್ಯಮ ಬೆಳೆಯಲು ಏನೇನು ಬೇಕು ಎಂದು ಕೇಳಿದರೆ ಬಂಡವಾಳ, ಯಂತ್ರ, ಮಾರುಕಟ್ಟೆ ಎಂದು ನೀವು ತಕ್ಷಣ ಹೇಳುತ್ತೀರಿ. ತಪ್ಪೇನಿಲ್ಲ. ಆದರೆ ಇವೆಲ್ಲ ಇದ್ದೂ ಬಾಗಿಲು ಮುಚ್ಚಿದ ಸಂಸ್ಥೆಗಳಿವೆ; ಇವು ಹೆಚ್ಚೇನೂ ಇಲ್ಲದೆ ಆರಂಭವಾಗಿ ದೇಶದ ಉದ್ದಗಲಕ್ಕೂ ಹರಡಿದವೂ ಇವೆ. ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ, ಅಲ್ಲಿ ದುಡಿಯುವವರು ಒಟ್ಟಾಗಿ ಒಪ್ಪಿಕೊಂಡ ನೀತಿ ಮತ್ತು ಅದನ್ನು ದಿನನಿತ್ಯ ನಡೆಸಿಕೊಂಡು ಬರುವ ರೀತಿ. ಇದನ್ನೇ ದುಡಿಮೆಯ ಸಂಸ್ಕೃತಿ ಎನ್ನುತ್ತಾರೆ. ನಿಮಗೆಲ್ಲ ಪರಿಚಯವಿರುವ ಒಂದು ತಿನಿಸಿನ ಮೂಲಕ ಇದನ್ನು ನೋಡೋಣ. ಅದು ಹಪ್ಪಳ.

ಬೇಸಿಗೆಯಲ್ಲಿ ಅಜ್ಜಿ, ಅತ್ತೆ, ನೆರೆಮನೆಯವರು ಸೇರಿ ಹಪ್ಪಳ ಮಾಡುವುದನ್ನು ನೀವು ಕಂಡಿರಬಹುದು. ಮಹಡಿಯ ಮೇಲೆ ಕುಳಿತು ಕಾಗೆ ಓಡಿಸುವ ಕೆಲಸ ನಿಮ್ಮ ಪಾಲಿಗೆ ಬಂದಿರಲೂಬಹುದು. ಮುಂಬಯಿಯ ಗಿರಗಾಂವ್‌ನಲ್ಲಿ ಇಂಥದೇ ಒಂದು ಮಹಡಿಯ ಮೇಲೆ 1959ರ ಮಾರ್ಚ್ 15ರಂದು ಏಳು ಮಂದಿ ಗುಜರಾತಿ ಗೃಹಿಣಿಯರು ಹಪ್ಪಳ ಮಾಡಲು ಕುಳಿತರು. ಮನೆಬಳಕೆಗಲ್ಲ, ಮಾರುವುದಕ್ಕೆ. ಅವರಿಗಿದ್ದ ಬಂಡವಾಳ ಸಮಾಜ ಸೇವಕ ಛಗನ್‌ಲಾಲ್ ಪಾರೇಖ್ ಅವರಿಂದ ಪಡೆದ 80 ರೂಪಾಯಿ ಸಾಲ. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಮುಂದೆ ಲಿಜ್ಜತ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆಯ ಆರಂಭ ಇದು.

ಈ ಮಹಿಳೆಯರು ಆರಂಭದಲ್ಲೇ ಒಂದು ನಿಯಮ ಮಾಡಿಕೊಂಡರು: ನಷ್ಟವಾದರೂ ಸರಿ, ಯಾರಲ್ಲಿಯೂ ದಾನ ಬೇಡುವುದಿಲ್ಲ. ಆದರೆ ಗುಣಮಟ್ಟದ ಪಾಠ ಅವರಿಗೆ ಅನುಭವದಿಂದ ಬಂತು. ಮೊದಮೊದಲು ಅವರು ಎರಡು ದರ್ಜೆಯ ಹಪ್ಪಳ ಮಾಡಿ, ಎರಡನೆಯದನ್ನು ಅಗ್ಗದ ಬೆಲೆಗೆ ಮಾರಲು ಹೊರಟಿದ್ದರು. ಕೈಯಲ್ಲಿ ಕಾಸಿಲ್ಲದವರಿಗೆ ಇದು ಸಹಜವಾದ ಆಸೆಯೇ. ಒಂದೇ ಗುಣಮಟ್ಟದ ಹಪ್ಪಳ ಮಾಡಿ, ಅದರಲ್ಲಿ ಎಂದೂ ರಾಜಿಯಾಗಬೇಡಿ, ಲೆಕ್ಕಪತ್ರವನ್ನು ಸರಿಯಾಗಿಡಿ ಎಂದು ಪಾರೇಖ್ ಸಲಹೆ ಕೊಟ್ಟರು. ಅವರು ಅದನ್ನು ಒಪ್ಪಿದರು. ನೀತಿ ಎಂಬುದು ಹೀಗೆ ತಪ್ಪನ್ನು ತಿದ್ದಿಕೊಳ್ಳುತ್ತಲೂ ರೂಪುಗೊಳ್ಳುತ್ತದೆ.

ಮೊದಲ ವರ್ಷವೇ ಮಳೆಗಾಲ ಎದುರಾಯಿತು. ಬಿಸಿಲಿಲ್ಲದೆ ಹಪ್ಪಳ ಒಣಗದು. ನಾಲ್ಕು ತಿಂಗಳು ಕೆಲಸ ನಿಂತಿತು. ಆಗಲೇ ಗುಂಪು ಚದುರಿಹೋಗಬಹುದಿತ್ತು, ಹೋಗಲಿಲ್ಲ. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಉರಿಯುವ ಸ್ಟೌ. ಸಮಸ್ಯೆ ಬಗೆಹರಿಯಿತು. ದೊಡ್ಡ ಯಂತ್ರವೇನೂ ಬರಲಿಲ್ಲ. ಇದು ನಮ್ಮದು ಎಂದುಕೊಂಡವರು ತಾವೇ ಉಪಾಯ ಹುಡುಕಿದರು.

ಈಗ ಈ ಸಂಸ್ಥೆಯ ಒಳರಚನೆಯನ್ನು ಗಮನಿಸಿ. ಇಲ್ಲಿ ಹಪ್ಪಳ ಲಟ್ಟಿಸುವವರನ್ನು ಕೂಲಿಯವರೆಂದು ಕರೆಯುವುದಿಲ್ಲ. ಎಲ್ಲರೂ ಸಹೋದರಿಯರು, ಎಲ್ಲರೂ ಒಡೆಯರು. ಲಾಭದಲ್ಲಿಯೂ ಪಾಲು, ನಷ್ಟದಲ್ಲಿಯೂ ಪಾಲು. ಲೆಕ್ಕ ಬರೆಯುವಂಥ ಕೆಲಸಗಳಿಗೆ ಪುರುಷರನ್ನು ಸಂಬಳಕ್ಕೆ ನೇಮಿಸಿಕೊಳ್ಳಬಹುದು, ಆದರೆ ಅವರು ಸದಸ್ಯರಾಗುವಂತಿಲ್ಲ. ನಿರ್ಧಾರಗಳು ಒಮ್ಮತದಿಂದ ಆಗಬೇಕು. ಹಳಬರು, ಹೊಸಬರು ಎಂಬ ಭೇದವಿಲ್ಲ.

ಇದರಿಂದ ವ್ಯಾಪಾರಕ್ಕೇನು ಲಾಭ ಎಂದು ನೀವು ಕೇಳಬಹುದು. ಉತ್ತರ ಕೆಲಸದ ಕ್ರಮದಲ್ಲಿಯೇ ಇದೆ. ಶಾಖೆಯಲ್ಲಿ ಒಂದೇ ಅಳತೆಯಲ್ಲಿ ಹಿಟ್ಟು ಕಲಸುತ್ತಾರೆ, ಆದ್ದರಿಂದ ರುಚಿ ಒಂದೇ ಬಗೆ. ಆ ಹಿಟ್ಟನ್ನು ಸಹೋದರಿಯರು ಮನೆಗೊಯ್ದು ಲಟ್ಟಿಸಿ, ಒಣಗಿಸಿ ತಂದೊಪ್ಪಿಸುತ್ತಾರೆ. ಸಾವಿರಾರು ಅಡಿಗೆಮನೆಗಳಲ್ಲಿ ನಡೆಯುವ ಕೆಲಸಕ್ಕೆ ಮೇಲ್ವಿಚಾರಕನನ್ನು ನಿಲ್ಲಿಸಲು ಸಾಧ್ಯವೇ? ಹಪ್ಪಳ ಕೆಟ್ಟರೆ ತನ್ನದೇ ಪಾಲಿಗೆ ನಷ್ಟವೆಂದು ಬಲ್ಲ ಸಹೋದರಿಗೆ ಕಾವಲು ಬೇಕಾಗದು. ಬಂದ ಹಪ್ಪಳವನ್ನು ಶಾಖೆಯಲ್ಲಿ ಪರೀಕ್ಷಿಸುವುದೂ ಉಂಟು. ನಂಬಿಕೆ ಮತ್ತು ತಪಾಸಣೆ ಇಲ್ಲಿ ಒಂದಕ್ಕೊಂದು ಪೂರಕ.

ನೀತಿಯೊಂದಿದ್ದರೆ ಎಲ್ಲವೂ ಸುಗಮ ಎಂದು ಭಾವಿಸಬೇಡಿ. 1961ರಲ್ಲಿ ಮಲಾಡ್‌ನಲ್ಲಿ ಶಾಖೆ ತೆರೆಯುವ ಪ್ರಯತ್ನ ಫಲಿಸಲಿಲ್ಲ. ಆದರೂ ಸಂಸ್ಥೆ ಬೆಳೆಯಿತು. 1966ರಲ್ಲಿ ಅದು ನೋಂದಣಿಯಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತೆಯೂ ಅದೇ ವರ್ಷ ದೊರೆಯಿತು. ಇಂದು ಸದಸ್ಯೆಯರ ಸಂಖ್ಯೆ ಸುಮಾರು 45,000. ಮೊದಲ ಏಳು ಮಂದಿಯಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಮಿತ್ರರೇ, ನಾಳೆ ನೀವು ಕಛೇರಿಗೋ ಕಾರ್ಖಾನೆಗೋ ಕೆಲಸಕ್ಕೆ ಸೇರುತ್ತೀರಿ. ಕೆಲವರು ಸ್ವಂತ ಉದ್ಯೋಗ ಆರಂಭಿಸುತ್ತೀರಿ. ಅಲ್ಲಿ ಗೋಡೆಯ ಮೇಲೆ ಚೆಂದದ ಅಕ್ಷರಗಳಲ್ಲಿ ಧ್ಯೇಯವಾಕ್ಯ ಬರೆದಿರಬಹುದು. ಅದನ್ನು ಓದಿ ತೃಪ್ತರಾಗಬೇಡಿ. ಮಾಲು ಕೆಟ್ಟಾಗ ಅದನ್ನು ಏನು ಮಾಡುತ್ತಾರೆ, ಲಾಭ ಬಂದಾಗ ಹೇಗೆ ಹಂಚುತ್ತಾರೆ, ಕೆಳಗಿನವರು ಆಕ್ಷೇಪವೆತ್ತಿದರೆ ಯಾರು ಕಿವಿಗೊಡುತ್ತಾರೆ ಎಂಬುದನ್ನು ನೋಡಿ. ಅಲ್ಲಿನ ನಿಜವಾದ ನೀತಿ ಅದೇ. ಅಭ್ಯಾಸಕ್ಕೆ ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ. ನಿಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಲ್ವರು ಸೇರಿ ಹಣ ಕೂಡಿಸುವಾಗ ಲೆಕ್ಕವನ್ನು ಸೂಚನಾಫಲಕದಲ್ಲಿ ಹಾಕಿ ನೋಡಿ. ಮರುವರ್ಷ ಹಣ ಕೊಡಲು ಎಷ್ಟು ಮಂದಿ ತಾವಾಗಿ ಮುಂದೆ ಬರುತ್ತಾರೆಂಬುದು ನಿಮಗೇ ತಿಳಿಯುತ್ತದೆ.