ಹಳೆಯ ಚಿಮಣಿಗೆ ಹೊಸ ಒಲೆ

ಅಮೆರಿಕದ ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಮಗನದೋ ಮಗಳದೋ ಮನೆಗೆ ಚಳಿಗಾಲದಲ್ಲಿ ಹೋಗಿಬಂದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಅಲ್ಲಿನ ಹಳೆಯ ಮನೆಗಳ ಹಜಾರದಲ್ಲಿ ಇಟ್ಟಿಗೆಯಿಂದ ಕಟ್ಟಿದ ಅಗ್ಗಿಷ್ಟಿಕೆ ಇರುತ್ತದೆ. ನೋಡಲು ಬಲು ಚೆಂದ, ಮೈ ಕಾಯಿಸಿಕೊಳ್ಳಲು ಮಾತ್ರ ದಂಡ. ತೆರೆದ ಬೆಂಕಿಯ ಶಾಖದಲ್ಲಿ ಕೋಣೆಗೆ ದಕ್ಕುವುದು ಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದು ಚಿಮಣಿ ಹತ್ತಿ ಹೋಗುತ್ತದೆ, ಹೋಗುವಾಗ ಮನೆಯ ಬಿಸಿಗಾಳಿಯನ್ನೂ ಎಳೆದೊಯ್ಯುತ್ತದೆ. ಆ ಜಾಗ ತುಂಬಲು ಬಾಗಿಲು ಕಿಟಕಿಗಳ ಸಂದಿಯಿಂದ ಹೊರಗಿನ ಚಳಿಗಾಳಿ ಒಳನುಗ್ಗುತ್ತದೆ.

ಇದಕ್ಕೆ ಪರಿಹಾರವಾಗಿ ಆ ಗೂಡಿನೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಒಲೆಯೊಂದನ್ನು ಕೂರಿಸುತ್ತಾರೆ. ಅದಕ್ಕೆ ಇನ್ಸರ್ಟ್ ಎನ್ನುತ್ತಾರೆ. ಗಾಳಿಯನ್ನು ಬೇಕಾದಷ್ಟೇ ಒಳಬಿಡುವುದರಿಂದ ಸೌದೆ ನಿಧಾನವಾಗಿ, ಪೂರ್ತಿಯಾಗಿ ಉರಿಯುತ್ತದೆ.

ಯೋಚನೆ ಹೊಸದಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಇಂಥದೇ ಕಬ್ಬಿಣದ ಒಲೆಯೊಂದನ್ನು ರೂಪಿಸಿ 1744ರಲ್ಲಿ ಅದರ ಬಗ್ಗೆ ಕಿರುಹೊತ್ತಗೆ ಬರೆದ. ಪೇಟೆಂಟ್ ಕೊಡುತ್ತೇವೆಂದರೂ ಬೇಡವೆಂದ. ಆದರೆ ಆ ಒಲೆಯಲ್ಲಿ ಹೊಗೆ ಮೊದಲು ಕೆಳಗಿಳಿದು ಆಮೇಲೆ ಮೇಲೇರಬೇಕಿತ್ತು. ಆರಿದ ಹೊಗೆ ಏರಲು ಒಪ್ಪಲಿಲ್ಲ. ಒಲೆಯೆಷ್ಟು ಜಾಣತನದ್ದಾದರೂ ಹೊಗೆಯ ದಾರಿ ಸರಿಯಿಲ್ಲದಿದ್ದರೆ ಫಲವಿಲ್ಲ. ಇವತ್ತಿಗೂ ಜನ ಎಡವುವುದು ಇಲ್ಲಿಯೇ.

ಲೆಕ್ಕ ನೋಡಿ. ಇನ್ಸರ್ಟಿನ ಹೊಗೆಬಾಯಿ ಸಾಮಾನ್ಯವಾಗಿ 6 ಅಂಗುಲ ಅಗಲದ ವೃತ್ತ, ಅಂದರೆ ಸುಮಾರು 28 ಚದರ ಅಂಗುಲ. ಹಳೆಯ ಚಿಮಣಿಯ ಒಳಗಂಡಿ ಒಂದಡಿ ಚೌಕವಿದ್ದರೆ 144 ಚದರ ಅಂಗುಲ, ಐದು ಪಟ್ಟು! ತೆರೆದ ಬೆಂಕಿ ಎಳೆಯುವ ಅಪಾರ ಗಾಳಿಗೆ ಅಷ್ಟಗಲ ಬೇಕಿತ್ತು. ಇನ್ಸರ್ಟಿನ ಅಲ್ಪ ಹೊಗೆ ಅದರಲ್ಲಿ ನಿಧಾನವಾಗಿ ತೇಲುತ್ತಾ, ತಣ್ಣಗಾಗಿ, ಗೋಡೆಗೆ ಜಿಡ್ಡಾಗಿ ಅಂಟುತ್ತದೆ. ಮಲೆನಾಡಿನ ಅಡುಗೆಮನೆಗಳ ಅಟ್ಟದಲ್ಲಿ ಇಲ್ಲಣ ಕಟ್ಟುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ವ್ಯತ್ಯಾಸವೆಂದರೆ ಚಿಮಣಿಯೊಳಗಿನ ಜಿಡ್ಡಿಗೆ ಕಿಡಿ ತಗುಲಿದರೆ ತಾಪ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹೆಂಚಿನ ಒಳಪದರ ಬಿರಿದು, ಬೆಂಕಿ ಪಕ್ಕದ ಮರದ ತೊಲೆಗೆ ಹಬ್ಬುತ್ತದೆ.

ಹಿಂದೆ ಎಷ್ಟೋ ಜನ ಒಲೆಯನ್ನು ಗೂಡಿಗೆ ತಳ್ಳಿ ಸುಮ್ಮನಾಗುತ್ತಿದ್ದರು. ಅದು ತಪ್ಪು ಪದ್ಧತಿ. ಈಗ ಒಲೆಯ ಬಾಯಿಯಿಂದ ಚಿಮಣಿಯ ತುದಿಯವರೆಗೆ ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಬಿಡುತ್ತಾರೆ. ಚಿಮಣಿ ಮನೆಯ ಹೊರಗೋಡೆಯಲ್ಲಿದ್ದರೆ ಬೇಗ ತಣಿಯುತ್ತದೆ, ಆಗ ಕೊಳವೆಗೆ ಶಾಖನಿರೋಧಕ ಹೊದಿಕೆ ಸುತ್ತಲೇಬೇಕು. ಗೂಡಿನ ಮೇಲ್ಬಾಯಲ್ಲಿ ಕೊಳವೆಯ ಸುತ್ತ ತಗಡು ಹಾಕಿ ಮುಚ್ಚದಿದ್ದರೆ ಒಲೆಯ ಹಿಂದಿನ ಶಾಖವೆಲ್ಲ ಮೇಲಕ್ಕೆ ಸೋರುತ್ತದೆ. ಈ ತಗಡಿನ ಖರ್ಚು ಅಲ್ಪ, ಆದರೂ ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ. ತುದಿಗೆ ಮಳೆಟೋಪಿ, ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೂಚಕ ಇರಬೇಕು. ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆಯಿರಬೇಕು. ಹಸಿ ಸೌದೆ ಸುಟ್ಟರೆ ಮೇಲಿನದೆಲ್ಲ ಮಾಡಿಯೂ ಜಿಡ್ಡು ತಪ್ಪದು.

ಹಾಗಾಗಿ ಆ ಕಡೆ ಹಳೆಯ ಮನೆ ಕೊಂಡಿರುವ ನಿಮ್ಮವರಿಗೆ ತಿಳಿಸಿ: ಅಂಗಡಿಗೆ ಹೋಗಿ ಒಲೆ ಆರಿಸುವ ಮುನ್ನ ಚಿಮಣಿ ಬಲ್ಲವರನ್ನು ಕರೆಸಲಿ, ಕ್ಯಾಮೆರಾ ಇಳಿಸಿ ಒಳಗೋಡೆಯನ್ನು ನೋಡಿಸಲಿ, ಊರಿನ ಕಟ್ಟಡ ಇಲಾಖೆಯ ಪರವಾನಗಿ ಪಡೆಯಲಿ. ಕೂರಿಸಿದ ಮೇಲೂ ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷೆ ಮಾಡಿಸಲಿ.